ಕಣದ ಕೆಲಸ ಕಣದಲ್ಲೇ ಇರಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಾಲೆಯ ನೆನಪುಗಳನ್ನು ಹೇಳಲು ಬೇರೆಯವರಿದ್ದಾರೆ. ಆರೋಗ್ಯ ಇಲಾಖೆಯಲ್ಲಿ ದುಡಿದು ನಿವೃತ್ತಳಾದವಳು ಎಂದು ಸಮಿತಿಯವರು ನನಗೆ ಆರೋಗ್ಯದ ವಿಷಯ ಕೊಟ್ಟಿದ್ದಾರೆ. ಸಕ್ಕರೆ ಕಾಯಿಲೆ, ಬಿ.ಪಿ. ಬಗ್ಗೆ ನೀವೆಲ್ಲ ಸಾಕಷ್ಟು ಕೇಳಿದ್ದೀರಿ. ನಾನು ನಿದ್ದೆಯ ಬಗ್ಗೆ ಮಾತಾಡುತ್ತೇನೆ. ಮೂಡಿಗೆರೆಯಿಂದ ಕಳಸದವರೆಗೆ ಯಾರ ಮನೆಯ ಜಗಲಿಯಲ್ಲಿ ಕೂತರೂ ಈ ಮಾತು ಬಂದೇ ಬರುತ್ತದೆ: “ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ ಮಾರಾಯ್ರೇ.”

ಪೇಟೆಯವರಿಗೆ ಆಫೀಸು ಒಂದು ಕಡೆ, ಮನೆ ಒಂದು ಕಡೆ. ಬಸ್ಸು ಹತ್ತಿದರೆ ಅರ್ಧ ಕೆಲಸ ಹಿಂದೆ ಉಳಿಯಿತು. ನಮಗೆ ಅಂಗಳವೇ ಕಣ, ಜಗಲಿಯೇ ಆಫೀಸು, ಒಳಕೋಣೆಯಲ್ಲಿ ಮೂಟೆ. ಬಟವಾಡೆಯ ಲೆಕ್ಕ ಊಟದ ಮೇಜಿನ ಮೇಲೆ. ಕುಯ್ಲಿನ ಕಾಲದಲ್ಲಿ ನಡುರಾತ್ರಿ ಹನಿ ಬಿದ್ದರೆ ಟಾರ್ಪಾಲು ಹಿಡಿದು ಓಡಬೇಕು. ಫೆಬ್ರವರಿ, ಮಾರ್ಚಿನಲ್ಲಿ ರೋಬಸ್ಟಾ ಹೂವಿಗೆ ನೀರು ಹಾರಿಸುವಾಗ ಎಷ್ಟೋ ಕಡೆ ತ್ರೀ ಫೇಸ್ ಕರೆಂಟು ಬರುವುದೇ ರಾತ್ರಿ. ನಮ್ಮ ಐದು ಎಕರೆಯಲ್ಲೂ ಇದೇ ಕಥೆ.

ಇಂಥ ರಾತ್ರಿಗಳು ವರ್ಷದಲ್ಲಿ ಕೆಲವು. ಅವನ್ನು ತಪ್ಪಿಸಲಾಗದು, ಮರುದಿನ ಮಧ್ಯಾಹ್ನ ಅರ್ಧ ಗಂಟೆ ಅಡ್ಡಾದರೆ ಸುಧಾರಿಸಿಕೊಳ್ಳಬಹುದು. ನಾನು ಹೇಳುತ್ತಿರುವುದು ಉಳಿದ ರಾತ್ರಿಗಳ ಬಗ್ಗೆ. ಕೆಲಸ ಏನೂ ಇಲ್ಲದಿದ್ದರೂ ಕೆಲಸ ಹಾಸಿಗೆಗೆ ಬರುವ ರಾತ್ರಿಗಳು.

ಅದು ಬರುವುದು ಫೋನಿನಲ್ಲಿ. ತೊಂಬತ್ತರ ದಶಕದ ನಡುವಿನವರೆಗೆ ಕಾಫಿ ಬೋರ್ಡಿನ ಪೂಲ್ ಇತ್ತು. ಕಾಫಿ ಕೊಟ್ಟರೆ ಹಣ ಕಂತಿನಲ್ಲಿ ಬರುತ್ತಿತ್ತು. ಆ ಪದ್ಧತಿ ಚೆನ್ನಾಗಿತ್ತು ಎನ್ನುತ್ತಿಲ್ಲ. ಕಂತಿಗಾಗಿ ಕಾದು ಸುಸ್ತಾದವರು ಈ ಸಭೆಯಲ್ಲೇ ಇದ್ದಾರೆ. ಆದರೆ ರಾತ್ರಿ ದರ ನೋಡುವ ಚಟ ಆಗ ಯಾರಿಗೂ ಇರಲಿಲ್ಲ. ಈಗ ಅರೇಬಿಕಾ ದರ ನ್ಯೂಯಾರ್ಕಿನಲ್ಲಿ, ರೋಬಸ್ಟಾ ದರ ಲಂಡನ್ನಿನಲ್ಲಿ ತೀರ್ಮಾನವಾಗುತ್ತದೆ. ನ್ಯೂಯಾರ್ಕಿನ ಪೇಟೆ ಮುಚ್ಚುವಾಗ ನಮ್ಮಲ್ಲಿ ರಾತ್ರಿ ಹನ್ನೊಂದು, ಚಳಿಗಾಲದಲ್ಲಿ ಹನ್ನೆರಡು. 2025ರ ಫೆಬ್ರವರಿಯಲ್ಲಿ ಅಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿದಾಗ ನಮ್ಮ ಊರುಗಳಲ್ಲಿ ಸಂತೋಷದಿಂದಲೇ ನಿದ್ದೆ ಕೆಟ್ಟವರು ಎಷ್ಟೋ ಜನ. ಕೊಟ್ಟವನಿಗೆ ಕೊಟ್ಟೆನಲ್ಲಾ ಎಂಬ ಸಂಕಟ, ಇಟ್ಟುಕೊಂಡವನಿಗೆ ನಾಳೆ ಇಳಿದರೆ ಎಂಬ ಭಯ. ಹನ್ನೆರಡು ಗಂಟೆಗೆ ದರ ತಿಳಿದು ಮಾಡುವುದಾದರೂ ಏನು? ವ್ಯಾಪಾರಿ ಫೋನ್ ಎತ್ತುವುದು ಬೆಳಿಗ್ಗೆಯೇ. ದರವನ್ನು ಬೆಳಗಿನ ಕಾಫಿಯ ಜೊತೆ ನೋಡಿ. ಒಂದು ಮೂಟೆಯೂ ನಷ್ಟವಾಗುವುದಿಲ್ಲ.

ಜಾಗ ಬೇರೆ ಮಾಡಲಾಗದ ನಾವು ಹೊತ್ತನ್ನು ಬೇರೆ ಮಾಡಿಕೊಳ್ಳಬೇಕು. ಮಲೆನಾಡಿನ ಹಳೆಯ ಮನೆಗಳಲ್ಲಿ ಇದಕ್ಕೊಂದು ಏರ್ಪಾಡಿತ್ತು: ಸಂಜೆಯ ಬಚ್ಚಲು. ತೋಟದ ಬಟ್ಟೆ ಹೊರಗೇ ಕಳಚಿ, ಹಂಡೆಯ ಬಿಸಿನೀರು ಹುಯ್ದುಕೊಂಡು ಒಳಗೆ ಬಂದರೆ ಆ ದಿನದ ತೋಟ ಮುಗಿಯಿತು. ಜಿಗಣೆ, ಚಿಗಳಿ ಇರುವೆಯ ಕಾಟಕ್ಕಾಗಿ ಮಾಡುತ್ತಿದ್ದ ಸ್ನಾನ ಎಂದುಕೊಂಡಿದ್ದೆವು. ಮಲಗುವ ಒಂದೆರಡು ಗಂಟೆ ಮೊದಲಿನ ಬಿಸಿನೀರ ಸ್ನಾನದಿಂದ ನಿದ್ದೆ ಬೇಗ ಬರುತ್ತದೆ ಎಂದು ಈಗ ಸಂಶೋಧಕರೂ ಹೇಳುತ್ತಾರೆ. ಚರ್ಮಕ್ಕೆ ರಕ್ತ ಹರಿದು ಮೈಯೊಳಗಿನ ಬಿಸಿ ಹೊರಗೆ ಹೋಗುತ್ತದೆ. ಒಳಗಿನ ಉಷ್ಣ ಇಳಿದಾಗ ನಿದ್ದೆ ಹತ್ತುತ್ತದೆ. ಗೀಸರ್ ಬಂದ ಮೇಲೆ ಸ್ನಾನ ಬೆಳಿಗ್ಗೆಗೆ ಹೋಯಿತು. ಮತ್ತೆ ಸಂಜೆಗೆ ತನ್ನಿ.

ಇನ್ನು ತಲೆಯೊಳಗೆ ಸುತ್ತುವ ಲೆಕ್ಕ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಮಲಗುವ ಮುಂಚೆ ಐದು ನಿಮಿಷ, ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದಿಟ್ಟವರಿಗೆ, ಮುಗಿದ ಕೆಲಸ ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಮೊದಲೇ ನಿದ್ದೆ ಬಂತು. ಹಾಳೆಯ ಮೇಲೆ ಬರೆಯಿರಿ, ಫೋನಿನಲ್ಲಿ ಬೇಡ. ಎಷ್ಟು ಆಳು, ಯಾವ ಪಟ್ಟಿ, ಪಲ್ಪರಿನ ಬೆಲ್ಟು. ಬರೆದು ಜಗಲಿಯಲ್ಲೇ ಬಿಟ್ಟು ಒಳಗೆ ಬನ್ನಿ.

ಹೆಂಗಸರ ಕಥೆ ಬೇರೆ. ಬಚ್ಚಲಿಗೆ ಬೆಂಕಿ ಹಾಕುವವರೂ ಅವರೇ, ಕೊನೆಗೆ ಸ್ನಾನ ಮಾಡುವವರೂ ಅವರೇ, ಹಂಡೆಯಲ್ಲಿ ಬಿಸಿ ಉಳಿದಿದ್ದರೆ. ಲೈನಿನ ಹೆಂಗಸರಿಗೆ ಹಗಲಿಡೀ ಕುಯ್ಲು, ಸಂಜೆ ಒಲೆ. ಗಂಡಸರು ಟಿ.ವಿ. ಮುಂದೆ ವಿಶ್ರಾಂತಿ ಪಡೆಯುವಾಗ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಕೇಳುತ್ತಿದ್ದರೆ ಆ ಮನೆಯಲ್ಲಿ ಕೆಲಸ ಮುಗಿದಿಲ್ಲ ಎಂದೇ ಅರ್ಥ. ಪಾತ್ರೆ ತೊಳೆದರೆ ಗೌಡಿಕೆ ಹೋಗುವುದಿಲ್ಲ.

ಬೆಂಗಳೂರಿನಲ್ಲಿರುವ ಮಕ್ಕಳೂ 2020ರಿಂದ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬರತೊಡಗಿದರು. ನೆಟ್‌ವರ್ಕ್ ಸಿಗುವ ಮೂಲೆ ಹುಡುಕಿ, ಕೊನೆಗೆ ಮಂಚದ ಮೇಲೆ ಕೂತು ದುಡಿಯುತ್ತಾರೆ. ಅವರಿಗೊಂದು ಮೇಜು ಹಾಕಿಕೊಡಿ. ಮಂಚ ಕಂಡರೆ ಮೀಟಿಂಗ್ ನೆನಪಾಗಬಾರದು.

ಇಷ್ಟೆಲ್ಲ ಮಾಡಿಯೂ ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಬಾರದಿದ್ದರೆ ವೈದ್ಯರನ್ನು ನೋಡಿ. ಕ್ವಾರ್ಟರ್ ಬಾಟಲಿ ನಿದ್ದೆಯ ಔಷಧವಲ್ಲ. ಮೊದಲು ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ.

ಕಾಫಿಯ ವಿಷಯ ಈ ಊರಿನಲ್ಲಿ ಹೇಳಲು ಭಯ. ಒಳಗೆ ಹೋದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ರೋಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇದೆ. ಆದ್ದರಿಂದ ರಾತ್ರಿ ಊಟದ ಮೇಲಿನ ಲೋಟವನ್ನು ನೆಂಟರು ಬಂದರೂ ಬಿಡಿ. ಈಗ ಇನ್ನೂ ಹನ್ನೊಂದು ಗಂಟೆ, ಹಿಂದಿನ ಕೊಠಡಿಯಲ್ಲಿ ಕಾಫಿ ಸಿದ್ಧವಾಗಿದೆಯಂತೆ. ಎಲ್ಲರೂ ಕುಡಿಯಬಹುದು.