ಜಗಳ ಗಡಿಯದು, ಹೆಣ ಯಾರದು?

ಕನ್ನಡದ ತರುಣರೇ,

ನಮ್ಮ ಬಂಕಾಪುರವೂ ಬೆಳಗಾವಿಯೂ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದವು. ಎರಡು ಭಾಷೆ ಬೆರೆತ ಸೀಮೆಗೆ ಒಂದೇ ಗೆರೆ ಎಳೆದರು, ಜಗಳ ಬೆಳೆಯಿತು. 1967ರಲ್ಲಿ ಮಹಾಜನ್ ವರದಿ ಬೆಳಗಾವಿ ನಮ್ಮಲ್ಲೇ ಇರಲಿ ಎಂದಿತು. 264 ಹಳ್ಳಿ ಅವರಿಗೆ, 247 ನಮಗೆ. ಮಹಾರಾಷ್ಟ್ರ ಒಪ್ಪಲಿಲ್ಲ.

1969ರ ಫೆಬ್ರುವರಿಯಲ್ಲಿ ಗಡಿಯ ಹೆಸರಿನಲ್ಲಿ ಶಿವಸೇನೆ ಬೀದಿಗಿಳಿಯಿತು. ಜಗಳ ಬೆಳಗಾವಿಯದು, ಹೆಣ ಬಿದ್ದದ್ದು ಮುಂಬಯಿಯಲ್ಲಿ, ಐವತ್ತಕ್ಕೂ ಹೆಚ್ಚು! ಕನ್ನಡಿಗರ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಅಲ್ಲಿ ಲೋಟ ತೊಳೆಯುವ ಹುಡುಗ ಯಾವ ಹಳ್ಳಿ ಕೇಳಿದ್ದ?

1986ರಲ್ಲಿ ಬೆಳಗಾವಿ ಸೀಮೆಯಲ್ಲಿ ಪೊಲೀಸರ ಗುಂಡಿಗೆ ಬಿದ್ದ ಮರಾಠಿಗರೂ ನಮ್ಮ ರಾಜ್ಯದ ಮಕ್ಕಳೇ. ಸಿಟ್ಟಾಗಬೇಡಿ, ಲೆಕ್ಕ ಎಂದರೆ ಪೂರಾ ಲೆಕ್ಕ.

ನನ್ನ ಪ್ರೆಸ್ಸಿಗೆ ಬೆಂಕಿಯಂಥ ಕರಪತ್ರ ತರುತ್ತೀರಿ. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳನ್ನು ನೋಡಿದ್ದೀರಾ? ಮೊದಲು ಹೋಗಿ ಬನ್ನಿ. ಅಚ್ಚು ಆಮೇಲೆ ಹಾಕೋಣ.