ಕರಾರಿಗೆ ಮೊದಲು ನೆರೆಯವರನ್ನು ಕೇಳಿ

(ಗಿರಣಿ ಕಾರ್ಮಿಕರೂ ಚಿಲ್ಲರೆ ವರ್ತಕರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಡೇಟಾ ಸೆಂಟರ್ ಎಂಬ ಹೊಸ ಬಗೆಯ ಕಾರ್ಖಾನೆಯ ವಿಚಾರ. ಇಲ್ಲಿ ನೂಲು ತೆಗೆಯುವುದಿಲ್ಲ, ಎಣ್ಣೆ ಹಿಂಡುವುದಿಲ್ಲ. ನೀವು ಮೊಬೈಲಿನಿಂದ ಹಣ ಕಳುಹಿಸಿದರೆ, ಚಿತ್ರ ನೋಡಿದರೆ, ಆ ಕೆಲಸವೆಲ್ಲ ನಡೆಯುವುದು ಎಲ್ಲೋ ಸಾಲಾಗಿ ಜೋಡಿಸಿಟ್ಟ ಕಂಪ್ಯೂಟರುಗಳಲ್ಲಿ. ಆ ಯಂತ್ರಗಳಿರುವ ಕಟ್ಟಡವೇ ಡೇಟಾ ಸೆಂಟರ್. ಹಗಲಿರುಳು ಓಡುವ ಯಂತ್ರಗಳು ಬಿಸಿಯಾಗುತ್ತವೆ. ಅವನ್ನು ತಣ್ಣಗಿಡಲು ಅನೇಕ ಕಡೆ ನೀರನ್ನು ಆವಿ ಮಾಡುತ್ತಾರೆ. ಆದುದರಿಂದ ಇದಕ್ಕೆ ಬೇಕಾದುದು ಮೂರು: ನೆಲ, ವಿದ್ಯುತ್ತು, ನೀರು. ಈ ಮೂರನ್ನೂ ಆ ಊರಿನ ಜನ ಮೊದಲೇ ಬಳಸುತ್ತಿರುತ್ತಾರೆ.

ಇದು ಬೆಂಗಳೂರು, ಮುಂಬಯಿಗಳ ಮಾತು, ನಮಗೇಕೆ ಎಂದು ಕೆಲವರು ಕೇಳಬಹುದು. ಇಂಥ ಕೇಂದ್ರಗಳನ್ನು ಕರೆತರಲೆಂದೇ ಕರ್ನಾಟಕ ಸರಕಾರ 2022ರಲ್ಲಿ ಒಂದು ನೀತಿಯನ್ನು ಹೊರಡಿಸಿ ರಿಯಾಯಿತಿಗಳನ್ನು ಸಾರಿದೆ. ನಾಳೆ ಇದು ಯಾವ ಜಿಲ್ಲೆಯ ಬಾಗಿಲನ್ನಾದರೂ ತಟ್ಟಬಹುದು. ಅದು ಬೇಕೋ ಬೇಡವೋ ಎಂದು ಈ ಸಭೆ ಇಂದೇ ನಿರ್ಧರಿಸಲಿ ಎಂದು ನಾನು ಹೇಳುತ್ತಿಲ್ಲ. ನಿರ್ಧರಿಸುವವರು ಯಾರು, ಯಾವಾಗ, ಯಾವ ಲೆಕ್ಕ ನೋಡಿ ಎಂಬುದೇ ನನ್ನ ಪ್ರಶ್ನೆ. ಇದಕ್ಕೆ ಅಮೆರಿಕದ ಎರಡು ಊರುಗಳಲ್ಲಿ ನಡೆದುದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಆರೆಗಾನ್ ರಾಜ್ಯದ ದ ಡ್ಯಾಲ್ಸ್. ಕೊಲಂಬಿಯಾ ನದಿಯ ದಡದಲ್ಲಿ ಸುಮಾರು 16 ಸಾವಿರ ಜನರ ಊರು. 2006ರಿಂದ ಅಲ್ಲಿ ಗೂಗಲ್ ಕಂಪನಿಯ ಡೇಟಾ ಸೆಂಟರ್ ಇದೆ. ಕಂಪನಿ ಇನ್ನೂ ಎರಡನ್ನು ಕಟ್ಟುತ್ತೇನೆಂದಾಗ, ಈಗ ಎಷ್ಟು ನೀರು ಕುಡಿಯುತ್ತಿದೆ ಎಂದು ದಿ ಆರೆಗೋನಿಯನ್ ಪತ್ರಿಕೆ ಕೇಳಿತು. ಅದು ವ್ಯಾಪಾರದ ಗುಟ್ಟು ಎಂದಿತು ನಗರಾಡಳಿತ. ಲೆಕ್ಕ ಕೊಡಿ ಎಂದು ಅಲ್ಲಿನ ಸರಕಾರಿ ವಕೀಲರು ಆಜ್ಞೆ ಮಾಡಿದರೆ, ಕೊಡುವುದಿಲ್ಲವೆಂದು ನಗರವೇ ನ್ಯಾಯಾಲಯಕ್ಕೆ ಹೋಯಿತು! ವ್ಯಾಜ್ಯ ನಡೆಯುತ್ತಿರುವಾಗಲೇ, 2021ರ ನವೆಂಬರಿನಲ್ಲಿ, ನಗರಸಭೆ ಹೊಸ ಕೇಂದ್ರಗಳ ನೀರಿನ ಕರಾರಿಗೆ ಒಪ್ಪಿಗೆ ಕೊಟ್ಟಿತು. ಲೆಕ್ಕ ಹೊರಬಿದ್ದದ್ದು 2022ರ ಡಿಸೆಂಬರಿನಲ್ಲಿ. 2021ರಲ್ಲಿ ಆ ಕೇಂದ್ರಗಳು ಬಳಸಿದ ನೀರು ಸುಮಾರು 134 ಕೋಟಿ ಲೀಟರು. ಊರಿನ ಒಟ್ಟು ನೀರಿನಲ್ಲಿ ನೂರಕ್ಕೆ 29 ಪಾಲು.

ಮೇಷ್ಟರ ಚಾಳಿ ನನ್ನನ್ನು ಬಿಟ್ಟಿಲ್ಲ, ಒಂದು ಲೆಕ್ಕ ಹಾಕೋಣ. 134 ಕೋಟಿಯನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 37 ಲಕ್ಷ ಲೀಟರು. ನಮ್ಮ ಪಟ್ಟಣಗಳಿಗೆ ಸರಕಾರ ಗೊತ್ತುಮಾಡಿರುವ ಅಳತೆ ತಲೆಗೆ ದಿನಕ್ಕೆ 135 ಲೀಟರು. ಈ ಅಳತೆಯಲ್ಲಿ ಅದು 27 ಸಾವಿರ ಜನರ ನೀರು. ವಿದ್ಯುತ್ತಿನದೂ ನೋಡಿ. ಬಿಡುವಿಲ್ಲದೆ ಒಂದು ಮೆಗಾವಾಟ್ ಎಳೆದರೆ ದಿನಕ್ಕೆ 24 ಸಾವಿರ ಯೂನಿಟ್, ತಿಂಗಳಿಗೆ 7 ಲಕ್ಷ 20 ಸಾವಿರ. ತಿಂಗಳಿಗೆ ನೂರು ಯೂನಿಟ್ ಸುಡುವ 7,200 ಮನೆಗಳ ವಿದ್ಯುತ್ತು ಅದು. ದೊಡ್ಡ ಕೇಂದ್ರಗಳು ಎಳೆಯುವುದು ನೂರಾರು ಮೆಗಾವಾಟ್.

ಕಂಪನಿಯ ಕಡೆಯ ಮಾತನ್ನೂ ಹೇಳಬೇಕು. ಆ ಊರಿನ ನೀರಿನ ವ್ಯವಸ್ಥೆಗೆ 2 ಕೋಟಿ 85 ಲಕ್ಷ ಡಾಲರ್ ವೆಚ್ಚ ಮಾಡಲು ಗೂಗಲ್ ಒಪ್ಪಿತು. ಅದು ಲಾಭವೇ ಆಗಿರಬಹುದು. ಆದರೆ ತಕ್ಕಡಿಯ ಒಂದು ತಟ್ಟೆಗೆ ಬಟ್ಟೆ ಮುಚ್ಚಿ ತೂಗಿದರೆ ಯಾವ ಗಿರಾಕಿ ಒಪ್ಪಿಯಾನು? ವರ್ತಕ ಮಿತ್ರರೇ ಹೇಳಲಿ.

ಎರಡನೆಯದು ಅರಿಜೋನ ರಾಜ್ಯದ ಟೂಸಾನ್, ಮರುಭೂಮಿಯ ನಗರ. 'ಪ್ರಾಜೆಕ್ಟ್ ಬ್ಲೂ' ಎಂಬ ಹೆಸರಿನಲ್ಲಿ 290 ಎಕರೆಯ ಯೋಜನೆ ಬಂತು. ಗುಟ್ಟು ಕಾಪಾಡುವ ಕರಾರಿಗೆ ರುಜು ಹಾಕಿದ್ದುದರಿಂದ, ಹಿಂದಿರುವ ಕಂಪನಿ ಯಾವುದೆಂದು ಅಧಿಕಾರಿಗಳು ಬಾಯಿಬಿಡುವಂತಿರಲಿಲ್ಲ. 2025ರ ಜೂನಿನಲ್ಲಿ ಅಲ್ಲಿನ ಜಿಲ್ಲಾ ಮಂಡಲಿ ಎರಡರ ಎದುರು ಮೂರು ಮತಗಳಿಂದ ಜಮೀನು ಮಾರಲು ಒಪ್ಪಿತು. ನಗರದ ನೀರು ಸಿಗಬೇಕಾದರೆ ಆ ಜಮೀನು ನಗರದ ಎಲ್ಲೆಯೊಳಗೆ ಸೇರಬೇಕಿತ್ತು. ಆಗ ನಗರಸಭೆ ಜನರ ಸಭೆ ಕರೆಯಿತು. ಜನ ಕಿಕ್ಕಿರಿದು ಬಂದರು. ಆಗಸ್ಟ್ 6ರಂದು ನಗರಸಭೆ ಒಮ್ಮತದಿಂದ ಬೇಡವೆಂದಿತು. ಕಂಪನಿ ಅಷ್ಟಕ್ಕೇ ಬಿಡಲಿಲ್ಲ. ನೀರಿನ ಬದಲು ಗಾಳಿಯಿಂದ ತಣಿಸುವ ಯೋಜನೆ ಹಿಡಿದು ನಗರದ ಹೊರಗೆ ಪ್ರಯತ್ನ ಮುಂದುವರಿಸಿತು. ಅದಕ್ಕೆ ವಿದ್ಯುತ್ತು ಹೆಚ್ಚು ಬೇಕು, ಆ ಜಗಳ ಬೇರೆ. ಆದರೆ ಗಮನಿಸಿ: ನೆರೆಯವರು ಬಾಯಿಬಿಟ್ಟ ಮೇಲೆ ಯೋಜನೆಯ ನಕ್ಷೆಯೇ ಬದಲಾಯಿತು.

ಇನ್ನು ನಮ್ಮ ಕಾನೂನು ನೋಡಿ. 2006ರ ಪರಿಸರ ಅಧಿಸೂಚನೆಯಂತೆ ದೊಡ್ಡ ಕಾರ್ಖಾನೆಗಳಲ್ಲಿ ಹಲವಕ್ಕೆ ಸಾರ್ವಜನಿಕ ವಿಚಾರಣೆ ನಡೆಯಬೇಕು. 'ಕಟ್ಟಡ ನಿರ್ಮಾಣ' ಎಂಬ ಪಟ್ಟಿಯಲ್ಲಿ ಬರುವ ಯೋಜನೆಗಳಿಗೆ ಅದರಿಂದ ವಿನಾಯಿತಿ. ಡೇಟಾ ಸೆಂಟರುಗಳು ಸಾಮಾನ್ಯವಾಗಿ ಈ ಪಟ್ಟಿಯಲ್ಲೇ ಅನುಮತಿ ಪಡೆಯುತ್ತವೆ. ಹೊರಗಿನಿಂದ ನೋಡಿದರೆ ಕಟ್ಟಡ, ಒಳಗೆ ಕಾರ್ಖಾನೆಯ ಹಸಿವು! ಆದುದರಿಂದ ಯಾರೋ ಕರೆದು ಕೇಳುತ್ತಾರೆಂದು ಕಾದು ಕೂತರೆ ಕೂತೇ ಇರಬೇಕಾದೀತು.

ಜನರನ್ನು ಕೇಳುತ್ತ ಹೋದರೆ ಬಂಡವಾಳ ಪಕ್ಕದ ರಾಜ್ಯಕ್ಕೆ ಓಡುತ್ತದೆ ಎಂಬ ಮಾತಿದೆ. ದೇವನಹಳ್ಳಿಯನ್ನು ನೆನೆಯಿರಿ. ಅದು ವೈಮಾನಿಕ ಉದ್ಯಮದ ಯೋಜನೆ. 13 ಹಳ್ಳಿಗಳ 1,777 ಎಕರೆ. ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈನಲ್ಲಿ ಸರಕಾರ ಕೈಬಿಟ್ಟಿತು. ಕೇಳದೆ ಹೊರಟುದರಿಂದ ಉಳಿದ ಕಾಲವೆಷ್ಟು? ಓದುಬರಹ ಬಾರದವರಿಗೆ ಇದೆಲ್ಲ ಏನು ತಿಳಿದೀತು ಎನ್ನುವವರೂ ಇದ್ದಾರೆ. ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂದು ಕೊಡ ಹಿಡಿದು ನಿಂತ ತಾಯಿಗೆ ತಿಳಿದಷ್ಟು ಯಾವ ಎಂಜಿನಿಯರಿಗೂ ತಿಳಿಯದು. ಕರೆಂಟು ಹೋದರೆ ಎಷ್ಟು ಕೂಲಿ ಹೋಗುತ್ತದೆಂದು ಗಿರಣಿಯವನನ್ನು ಕೇಳಿ.

ಆದುದರಿಂದ ನಮ್ಮ ಬೇಡಿಕೆ ನಾಲ್ಕು.

ಒಂದು, ಹೆಸರು. ಬರುವ ಕಂಪನಿ ಯಾವುದೆಂದು ಮೊದಲ ದಿನವೇ ತಿಳಿಸಬೇಕು.

ಎರಡು, ಲೆಕ್ಕ. ಬೇಸಿಗೆಯ ಒಂದು ದಿನಕ್ಕೆ ಬೇಕಾದ ನೀರೆಷ್ಟು, ಎಲ್ಲಿಂದ? ವಿದ್ಯುತ್ತೆಷ್ಟು? ಡೀಸೆಲ್ ಜನರೇಟರುಗಳೆಷ್ಟು? ಕಟ್ಟುವಾಗಿನ ಕೂಲಿ ಬಿಟ್ಟು, ಕಟ್ಟಿ ಮುಗಿದ ಮೇಲೆ ಉಳಿಯುವ ನೌಕರಿಗಳೆಷ್ಟು? ಸರಕಾರ ಬಿಟ್ಟುಕೊಡುವ ತೆರಿಗೆ ಎಷ್ಟು? ಇದೆಲ್ಲವನ್ನೂ ಕನ್ನಡದಲ್ಲಿ ಬರೆದು ಪಂಚಾಯಿತಿಯ, ನಗರಸಭೆಯ ಹಲಗೆಗೆ ಅಂಟಿಸಬೇಕು.

ಮೂರು, ಸಭೆ. ಕರಾರಿಗೆ ರುಜು ಬೀಳುವ ಮೊದಲು ಗ್ರಾಮಸಭೆಯೂ ವಾರ್ಡು ಸಭೆಯೂ ನಡೆಯಬೇಕು. ಹಗಲು ಹನ್ನೊಂದಕ್ಕೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಅಲ್ಲ. ಪಾಳಿ ಬಿಟ್ಟ ಮೇಲೆ, ಸಂತೆಯಿಲ್ಲದ ದಿನ, ಹೆಂಗಸರೂ ಬರುವಂಥ ಜಾಗದಲ್ಲಿ. ಬೇಡ ಎನ್ನುವ ಹಕ್ಕಿಲ್ಲದ ಸಭೆ ಬರಿಯ ಆರತಕ್ಷತೆ.

ನಾಲ್ಕು, ಷರತ್ತು. ಬರಗಾಲದಲ್ಲಿ ಮೊದಲ ನೀರು ಜನರಿಗೆ, ದನಕರುಗಳಿಗೆ. ಕೇಂದ್ರದ ಮೀಟರಿನ ಅಂಕಿ ಪ್ರತಿ ತಿಂಗಳೂ ಬೀದಿಯ ಜನಕ್ಕೆ ಕಾಣಬೇಕು.

ಗುಟ್ಟು ಎಂದು ಯಾರಾದರೂ ಹೇಳಿದರೆ, 2005ರ ಮಾಹಿತಿ ಹಕ್ಕಿನ ಕಾಯಿದೆ ನಿಮ್ಮ ಕೈಯಲ್ಲಿದೆ. ವ್ಯಾಪಾರದ ರಹಸ್ಯಕ್ಕೆ ಆ ಕಾಯಿದೆಯಲ್ಲೂ ರಕ್ಷಣೆ ಇದೆ, ನಿಜ. ಆದರೆ ಸಾರ್ವಜನಿಕ ಹಿತ ಅದಕ್ಕಿಂತ ದೊಡ್ಡದಾದಾಗ ಕೊಡಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಊರಿನ ಕುಡಿಯುವ ನೀರಿಗಿಂತ ದೊಡ್ಡ ಸಾರ್ವಜನಿಕ ಹಿತ ಯಾವುದು?

ಮುಂದಿನ ಗ್ರಾಮಸಭೆಗೆ, ವಾರ್ಡು ಸಭೆಗೆ ತಪ್ಪದೆ ಹೋಗಿ. ಈ ನಾಲ್ಕು ಮಾತುಗಳನ್ನು ಠರಾವು ಮಾಡಿಸಿ, ನಡವಳಿ ಪುಸ್ತಕದಲ್ಲಿ ಬರೆಯಿಸಿ, ನಕಲು ಪಡೆಯಿರಿ. ಯೋಜನೆ ಬಂದ ಮೇಲೆ ಹುಡುಕುವ ಕಾಗದಕ್ಕಿಂತ ಬರುವ ಮೊದಲೇ ಬರೆದಿಟ್ಟ ಕಾಗದಕ್ಕೆ ಬಲ ಹೆಚ್ಚು.