ಪ್ರವೇಶವಷ್ಟೇ ಸಾಲದು, ಪದವಿಯೂ ಕೈಸೇರಬೇಕು

(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ದೈವಕೃಪೆಯನ್ನು ಸ್ಮರಿಸುವ ಈ ಶುಭ ಸಂದರ್ಭದಲ್ಲಿ ಬಸವಕಲ್ಯಾಣ ಹಾಗೂ ಹುಮನಾಬಾದ್ ತಾಲೂಕುಗಳ ಬಡ ಮಕ್ಕಳ ಉನ್ನತ ಶಿಕ್ಷಣವನ್ನು ಕುರಿತು ನಾಲ್ಕು ಮಾತುಗಳನ್ನು ತಮ್ಮ ಮುಂದಿಡಲು ಬಯಸುತ್ತೇವೆ.

ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಮಾದಾರ, ಅಂಬಿಗ, ಮಡಿವಾಳರೂ ಸ್ತ್ರೀಯರೂ ಬಸವಣ್ಣನವರೊಡನೆ ಸರಿಸಮನಾಗಿ ಕುಳಿತು ಜ್ಞಾನಚರ್ಚೆ ನಡೆಸಿದರು. ಅಂತಹ ನಾಡು ಕಾಲಾಂತರದಲ್ಲಿ ವಿದ್ಯೆಯಲ್ಲಿ ಹಿಂದೆ ಬಿದ್ದಿತು. ನಿಜಾಮರ ಕಾಲದಲ್ಲಿ, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆ ಉರ್ದು. ಕನ್ನಡವಾಡುವ ರೈತನ ಮಗನಿಗೆ ಪದವಿಯು ಊರಿನಿಂದಲೂ ದೂರ, ಮಾತಿನಿಂದಲೂ ದೂರ. ಏಕೀಕರಣವಾಗಿ ಇಪ್ಪತ್ತನಾಲ್ಕು ವರ್ಷಗಳಾದ ಮೇಲೆ, 1980ರಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿತು.

ಪ್ರಾದೇಶಿಕ ಅಸಮತೋಲನವನ್ನು ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸರಕಾರದ ಮುಂದಿಟ್ಟಿತು. ಬಳಿಕ ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ ಸೇರಿತು. ಇದರನ್ವಯ ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯದ ಇತರೆಡೆ ಶೇ. 8ರಷ್ಟು ಸ್ಥಾನಗಳು ಇಲ್ಲಿಯವರಿಗೆ ಮೀಸಲು. 2023ರಲ್ಲಿ ಬೀದರ ವಿಶ್ವವಿದ್ಯಾಲಯವೂ ಕಾರ್ಯಾರಂಭ ಮಾಡಿತು. ಎರಡೂ ಪಟ್ಟಣಗಳಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ.

ಬಾಗಿಲೇನೋ ತೆರೆದಿದೆ. ಆದರೆ ಒಳಹೊಕ್ಕವರೆಲ್ಲರೂ ಪದವಿಯೊಡನೆ ಹೊರಬರುವರೇ? ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲೋ ಮರಾಠಿಯಲ್ಲೋ ಉರ್ದುವಿನಲ್ಲೋ ಓದಿದ ಮಗುವು ವಿಜ್ಞಾನ, ವಾಣಿಜ್ಯಗಳ ಇಂಗ್ಲಿಷ್ ಪಾಠದ ಮುಂದೆ ಮೂಕವಾಗುತ್ತದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟಿನ ಖರ್ಚು ತಪ್ಪಿದೆ, ನಿಜ. ಆದರೆ ಬಸ್ಸು ತಪ್ಪಿದರೆ ಪಾಠವೂ ತಪ್ಪುತ್ತದೆ. ಶುಲ್ಕಕ್ಕೆ ಗಡುವುಂಟು, ವಿದ್ಯಾರ್ಥಿವೇತನಕ್ಕೆ ಗಡುವಿಲ್ಲ. ತಂದೆತಾಯಿಗಳು ಕೂಲಿಗೆ ಪರಊರಿಗೆ ಹೋದರೆ ತಮ್ಮತಂಗಿಯರ ಹೊಣೆ ಹಿರಿಯ ಮಗಳದು. ಒಂದೊಂದೂ ಸಣ್ಣ ಕಾರಣ. ಎಲ್ಲವೂ ಸೇರಿದಾಗ ಓದು ನಿಲ್ಲುತ್ತದೆ. ಹಾಗೆ ನಿಂತ ಮಗುವನ್ನು ದಡ್ಡನೆಂದು ಕರೆಯುವುದು ಅನ್ಯಾಯ.

ಸಾಮರ್ಥ್ಯವಿದ್ದೂ ಹಣವಿಲ್ಲದ ಯುವಕರಿಗೆ ವಿಶ್ವವಿದ್ಯಾಲಯದ ಹಾದಿ ಸುಗಮವಾಗಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಶಿಕ್ಷಣ ಘೋಷಣೆಯಲ್ಲಿ ಒತ್ತಾಯಿಸಿತು. ಸರಕಾರ ಮಾಡಬೇಕಾದುದನ್ನು ನಾವು ಕೇಳೋಣ: ಖಾಲಿ ಹುದ್ದೆಗಳಿಗೆ ಅಧ್ಯಾಪಕರು, ಹೆಣ್ಣುಮಕ್ಕಳಿಗೆ ವಸತಿನಿಲಯ, ಪಾಠದ ವೇಳೆಗೆ ಹೊಂದುವ ಬಸ್ಸು. ನಮ್ಮಿಂದ ಆಗುವುದನ್ನು ನಾವೇ ಮಾಡೋಣ. ಸಂಜೆ ಧರ್ಮಕೇಂದ್ರದ ಸಭಾಂಗಣದಲ್ಲಿ ದೀಪ ಉರಿಯಲಿ. ನಿವೃತ್ತ ಶಿಕ್ಷಕರು ಇಂಗ್ಲಿಷ್, ಗಣಿತಗಳನ್ನು ಹೇಳಿಕೊಡಲಿ. 371(ಜೆ) ಅರ್ಹತಾ ಪತ್ರಕ್ಕೂ ವಿದ್ಯಾರ್ಥಿವೇತನಕ್ಕೂ ಅರ್ಜಿ ತುಂಬಲು ಬಲ್ಲವರು ನೆರವಾಗಲಿ. ವೇತನ ಬರುವ ತನಕ ಶುಲ್ಕ ಕಟ್ಟಿಕೊಡುವ ಒಂದು ಸಣ್ಣ ನಿಧಿ ಇರಲಿ. ಈ ಸೇವೆಯಲ್ಲಿ ಮಗುವಿನ ಜಾತಿಮತಗಳನ್ನು ಕೇಳದಿರೋಣ.

ಒಳ್ಳೆಯ ಕುರುಬನು ಹಟ್ಟಿಯಲ್ಲಿರುವ ತೊಂಬತ್ತೊಂಬತ್ತು ಕುರಿಗಳನ್ನು ಎಣಿಸಿ ತೃಪ್ತನಾಗಲಿಲ್ಲ. ನಾವೂ ಕಾಲೇಜು ಸೇರಿದವರನ್ನು ಎಣಿಸಿ ಸುಮ್ಮನಾಗದೆ, ನಡುವೆ ಬಿಟ್ಟವರ ಮನೆಬಾಗಿಲಿಗೆ ಹೋಗೋಣ. ಎರಡನೆಯ ಶತಮಾನದ ಮೊದಲ ಕೆಲಸ ಅದೇ ಆಗಲಿ ಎಂದು ಪ್ರಾರ್ಥಿಸುತ್ತೇವೆ.